ಮೆಲುಕು ನಿಂತರೆ ಮನೆಯೇ ನಿಂತಂತೆ

‘ನಿನ್ನ ಹಾಬಿ ಏನು?’ ಎಂದು ಕಾಲೇಜಿನಲ್ಲಿ ಕೇಳಿದರೆ ಒಬ್ಬಳು ಡ್ಯಾನ್ಸ್ ಅನ್ನುತ್ತಾಳೆ, ಇನ್ನೊಬ್ಬಳು ರೀಲ್ಸ್ ಅನ್ನುತ್ತಾಳೆ. ನಾನು ‘ಹಸು ಸಾಕೋದು’ ಅಂದರೆ ಎಲ್ಲರೂ ಗೊಳ್ಳೆಂದು ನಗುತ್ತಾರೆ. ನಗಲಿ ಬಿಡಿ. ನನ್ನ ಬಿ.ಕಾಂ. ಫೀಸು, ಊಟದ ಡಬ್ಬಿ, ಮೊಬೈಲ್ ರೀಚಾರ್ಜ್ ಎಲ್ಲವೂ ನಡೆಯುವುದು ಡೇರಿಗೆ ಹಾಕುವ ಹಾಲಿನಿಂದಲೇ. ಮಂಡ್ಯ ಜಿಲ್ಲೆಯ ನಮ್ಮಂಥ ಮನೆಗಳಲ್ಲಿ ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ವಾರದ ಸಂತೆ ಖರ್ಚಿಗೆ ಹಾಲಿನ ಬಟವಾಡೆಯೇ ಗತಿ.

ಅಪ್ಪ ಬೆಳಗಿನ ಜಾವ ಗದ್ದೆಗೆ ನೀರು ಕಟ್ಟಲು ಹೋದರೆ ಕೊಟ್ಟಿಗೆ ನನ್ನದು ಮತ್ತು ಅಜ್ಜಿಯದು. ಸಗಣಿ ಬಾಚುವುದು, ಗಂಜಲ ಹೋಗುವಂತೆ ನೆಲ ತೊಳೆಯುವುದು, ಹುಲ್ಲು ಹಾಕುವುದು, ಹಾಲು ಕರೆಯುವುದು. ಇವನ್ನೆಲ್ಲ ಒಂದು ತಿಂಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ಕಲಿಯಲು ವರ್ಷಗಳೇ ಬೇಕಾಗುವುದು ‘ನೋಡುವ’ ಕೆಲಸಕ್ಕೆ. ‘ದನ ಬಾಯ್ಬುಟ್ಟು ಹೇಳಾಕಿಲ್ಲ ಕನವ್ವ, ನಾವೇ ನೋಡ್ಕಬೇಕು’ ಎನ್ನುತ್ತಾಳೆ ಅಜ್ಜಿ. ಮೂತಿ ಒದ್ದೆಯಾಗಿದೆಯೇ? ಕಿವಿ ಆಡಿಸುತ್ತಿದೆಯೇ? ಸಗಣಿ ನೀರಾಗಿದೆಯೇ, ಗಟ್ಟಿಯಾಗಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮೆಲುಕು ಹಾಕುತ್ತಿದೆಯೇ? ಆರೋಗ್ಯವಾಗಿರುವ ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಅದು ನಿಂತಿತೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

2022ರಲ್ಲಿ ನಮ್ಮ ಗೌರಿಯ ಮೆಲುಕು ನಿಂತಿತು.

ಗೌರಿ ನಮ್ಮ ಸೀಮೆಹಸು. ಸಾಲ ಮಾಡಿ ತಂದವಳು. ಎರಡು ಹೊತ್ತು ಸೇರಿ ಹದಿನಾಲ್ಕು ಲೀಟರ್ ಕೊಡುತ್ತಿದ್ದಳು. ನಾನಾಗ ದ್ವಿತೀಯ ಪಿಯುಸಿ. ಮುಂದೆ ಡಿಗ್ರಿಗೆ ಸೇರುವುದೋ ಬೇಡವೋ ಎಂಬುದು ಆ ಹಾಲಿನ ಮೇಲೆಯೇ ನಿಂತಿತ್ತು. ಆ ವರ್ಷ ಮಳೆ ಜೋರು. ಕೊಟ್ಟಿಗೆಯಲ್ಲಿ ನೊಣ, ಸೊಳ್ಳೆ ವಿಪರೀತ. ಒಂದು ಸಂಜೆ ಅಜ್ಜಿ, ‘ಇವ್ಳು ಯಾಕೋ ಮೆಲುಕು ಹಾಕ್ತಿಲ್ಲ’ ಎಂದಳು. ಮೈಮೇಲೆ ಆಗಿನ್ನೂ ಒಂದು ಗಂಟೂ ಇರಲಿಲ್ಲ. ಪಶುವೈದ್ಯರು ಬಂದು ಜ್ವರ ನೋಡಿದರೆ 105 ಡಿಗ್ರಿ. ಹಸುವಿಗೆ 101.5 ಆಸುಪಾಸು ಇರಬೇಕು. ಮೂರನೇ ದಿನ ಕುತ್ತಿಗೆ, ಬೆನ್ನು, ಕೆಚ್ಚಲ ಮೇಲೆಲ್ಲ ನಿಂಬೆಹಣ್ಣಿನಷ್ಟು ಗಂಟುಗಳು ಎದ್ದವು. ಚರ್ಮಗಂಟು ರೋಗ.

ನಮ್ಮ ದೇಶದಲ್ಲಿ ಈ ರೋಗ ಮೊದಲು ಕಾಣಿಸಿದ್ದು 2019ರಲ್ಲಿ, ಒಡಿಶಾದಲ್ಲಿ. ಮೂರೇ ವರ್ಷಕ್ಕೆ ರಾಜಸ್ಥಾನ, ಗುಜರಾತಿನಲ್ಲಿ ದನಗಳನ್ನು ಬಲಿ ತೆಗೆದುಕೊಂಡು ನಮ್ಮ ಹಟ್ಟಿಗೂ ಬಂದಿತ್ತು. ಇದು ವೈರಸ್ಸಿನ ಕಾಯಿಲೆ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಒಂದು ದನದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ನೇರವಾಗಿ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಜ್ವರ, ನೋವು ಇಳಿಸಲು, ಹುಣ್ಣು ಕೀವಾಗದಂತೆ ತಡೆಯಲು ಚುಚ್ಚುಮದ್ದು ಕೊಡುತ್ತಾರೆ, ಅಷ್ಟೇ. ಉಳಿದದ್ದೆಲ್ಲ ಆರೈಕೆ.

ಗೌರಿಯನ್ನು ಹಿತ್ತಲ ಚಪ್ಪರಕ್ಕೆ ಒಬ್ಬಳನ್ನೇ ಕಟ್ಟಿದೆವು. ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ. ಗಂಟು ಒಡೆದಲ್ಲಿ ತೊಳೆದು ಬೇವು, ಅರಿಶಿನ ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚುವುದು. ಕಾಲು ಬಾತು ಏಳಲಾಗದೆ ಮಲಗಿದ್ದಳು. ನೀರಿನ ಬಕೆಟ್ಟನ್ನು ಬಾಯಿಯ ಹತ್ತಿರವೇ ಹಿಡಿಯಬೇಕಿತ್ತು. ಎಳೆ ಹುಲ್ಲನ್ನು ಹಿಡಿಹಿಡಿಯಾಗಿ ತಿನ್ನಿಸಿದರೆ ಎರಡು ಹಿಡಿ ತಿಂದು ಮುಖ ತಿರುಗಿಸುತ್ತಿದ್ದಳು. ಅವಳನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯದೆ ಬೇರೆ ದನದ ಬಳಿ ಸುಳಿಯುವಂತಿರಲಿಲ್ಲ. ಇನ್ನೂ ರೋಗ ತಗುಲದ ನಾಟಿ ಹಸುವಿಗೂ ಗೌರಿಯ ಕರುವಿಗೂ ವೈದ್ಯರು ಲಸಿಕೆ ಹಾಕಿದರು. ಅದು ಮೇಕೆಗಳ ಸಿಡುಬಿನ ಲಸಿಕೆ! ಎರಡು ವೈರಸ್ಸುಗಳೂ ಒಂದೇ ಕುಲದವಾದ್ದರಿಂದ ದನಕ್ಕೂ ರಕ್ಷಣೆ ಕೊಡುತ್ತದಂತೆ. ನಾಟಿ ಹಸುವಿನ ಹಾಲು ಕುಡಿದು ಕರು ಬದುಕಿತು.

ಹಾಲು ಹದಿನಾಲ್ಕರಿಂದ ಎರಡು ಲೀಟರಿಗೆ ಇಳಿಯಿತು. ‘ಕಾಯಿಲೆ ಹಸುವಿನ ಮನೆ’ ಎಂದು ಕೆಲವರು ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟರು. ಈ ರೋಗ ಮನುಷ್ಯರಿಗೆ ಬರುವುದಿಲ್ಲ ಎಂದು ವೈದ್ಯರು ಹೇಳಿದರೂ ನಂಬಿದವರು ಕಡಿಮೆ. ಪಕ್ಕದ ಬೀದಿಯಲ್ಲಿ ಒಂದು ಗಬ್ಬದ ಹಸು ಕಂದು ಹಾಕಿತು, ಎರಡು ಕರುಗಳು ಸತ್ತವು. ನಮ್ಮಲ್ಲೂ ಆಸೆ ಸತ್ತಿತ್ತು. ಹದಿನೆಂಟನೇ ದಿನ ಮಧ್ಯಾಹ್ನ ನೀರು ಕೊಡಲು ಹೋದೆ. ಗೌರಿ ಅರೆಗಣ್ಣು ಮುಚ್ಚಿಕೊಂಡು ನಿಧಾನವಾಗಿ ದವಡೆ ಆಡಿಸುತ್ತಿದ್ದಳು. ಅಜ್ಜಿಯನ್ನು ಕೂಗಿದೆ. ಅವಳು ಬಂದು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ಒಳಗೆ ಹೋದಳು.

ಆ ಕರಾವಿನಲ್ಲಿ ಹಾಲು ಹತ್ತು ಲೀಟರ್ ದಾಟಲೇ ಇಲ್ಲ. ಆದರೂ ನಾನು ಡಿಗ್ರಿಗೆ ಸೇರಿದೆ. ಗೌರಿ ಮತ್ತೆ ಕರು ಹಾಕಿದಳು. ಗಿಣ್ಣಿಗೆ ಕಾಯುತ್ತಿದ್ದ ತಮ್ಮನಿಗೆ, ‘ಮೊದಲು ಕರುವಿಗೆ, ಮಿಕ್ಕರೆ ನಿನಗೆ’ ಎಂದು ಗದರಿಸಿದ್ದೆ. ಹುಟ್ಟುವಾಗ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಿಗುವುದು ಗಿಣ್ಣುಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತಾ ಒಂದು ದಿನದೊಳಗೆ ಮುಗಿಯುತ್ತದೆ. ಹಾಗಾಗಿ ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸಬೇಕು. ‘ಮಾಸು ಬೀಳಲಿ, ಆಮೇಲೆ ಕುಡಿಸೋಣ’ ಎಂದು ಕಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಯಬೇಡಿ. ಹಾಲು ಕರೆದ ಕೂಡಲೇ ಹಸುವಿಗೆ ಹುಲ್ಲು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಸಗಣಿ ನೆಲದಲ್ಲಿ ಮಲಗಿದರೆ ಕೆಚ್ಚಲುಬಾವಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಹಳ್ಳಿಯ ಗೆಳೆಯ, ಗೆಳತಿಯರಿಗೆ ಒಂದು ಮಾತು. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಸರ್ಕಾರ ಉಚಿತವಾಗಿ ಹಾಕಿಸುತ್ತದೆ. ‘ಸೂಜಿ ಹಾಕಿಸಿದರೆ ಹಾಲು ಕಮ್ಮಿಯಾಗುತ್ತೆ’ ಎಂದು ದನವನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರಿದ್ದಾರೆ. ಒಂದೆರಡು ದಿನ ಸ್ವಲ್ಪ ಕಡಿಮೆಯಾಗಬಹುದು, ಮತ್ತೆ ಸರಿಹೋಗುತ್ತದೆ. ರೋಗ ಬಂದರೆ ಆಗುವ ನಷ್ಟದ ಮುಂದೆ ಅದು ಯಾವ ಲೆಕ್ಕ? ಅಜ್ಜಿ ಚಿಕ್ಕವಳಿದ್ದಾಗ ದೊಡ್ಡರೋಗ ಬಂದು ಹಟ್ಟಿಗಳೇ ಖಾಲಿಯಾಗುತ್ತಿದ್ದವಂತೆ. ಲಸಿಕೆಯ ಬಲದಿಂದಲೇ 2011ರಲ್ಲಿ ಆ ರೋಗ ಇಡೀ ಜಗತ್ತಿನಿಂದ ನಿರ್ಮೂಲವಾಯಿತು. ದನಕ್ಕೆ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು.

ಡಿಗ್ರಿ ಮುಗಿದ ಮೇಲೆ ನಾನೂ ಬೆಂಗಳೂರಿನ ಬಸ್ಸು ಹತ್ತಬಹುದು. ಅಜ್ಜಿಗೆ ವಯಸ್ಸಾಗಿದೆ. ಅದಕ್ಕೇ ಈಗ ಪ್ರತಿದಿನ ಬೆಳಿಗ್ಗೆ ತಮ್ಮನನ್ನು ಎಬ್ಬಿಸಿ ಕೊಟ್ಟಿಗೆಗೆ ಕರೆದೊಯ್ಯುತ್ತೇನೆ. ಅವನು ಆಕಳಿಸುತ್ತಲೇ ಬರುತ್ತಾನೆ. ಸದ್ಯಕ್ಕೆ ಹಾಲು ಕರೆಯಲು ಬಾರದು. ಮೊನ್ನೆ ಮಾತ್ರ ಯಾರೂ ಕೇಳದೆಯೇ, ‘ಅಕ್ಕಾ, ಕರು ಮೂತಿ ಒಣಗಿದೆ ನೋಡು’ ಎಂದ.