ಮರಳಿ ಓಟದ ಹಾದಿಗೆ

ಹಲವು ವರ್ಷ ಬೀಳು ಬಿಟ್ಟ ಹೊಲವನ್ನು ರೈತನು ಒಂದೇ ದಿನದಲ್ಲಿ ಹದಕ್ಕೆ ತರಲಾರನು. ಕಳೆ ಕಿತ್ತು, ನೆಲವನ್ನು ಉತ್ತು, ಮಳೆಗಾಗಿ ಕಾದು, ಅನಂತರವೇ ಅವನು ಬೀಜ ಬಿತ್ತುತ್ತಾನೆ. ದೀರ್ಘಕಾಲ ಓಟವನ್ನು ಬಿಟ್ಟವನ ದೇಹವೂ ಅಂಥ ಹೊಲದಂತೆಯೇ. ಕಾಯಿಲೆಯಿಂದಲೋ ಪರೀಕ್ಷೆಯ ಓದಿನಿಂದಲೋ ಕೆಲಸದ ಹೊರೆಯಿಂದಲೋ ಓಟವನ್ನು ನಿಲ್ಲಿಸಿದವರು ಅನೇಕರು. ಅವರು ಮತ್ತೆ ಬಯಲಿಗೆ ಇಳಿದ ದಿನ, ನೂರು ಗಜ ಸಾಗುವಷ್ಟರಲ್ಲಿ ಏದುಸಿರು ಬರುತ್ತದೆ. ಕಾಲುಗಳು ಕಲ್ಲಿನಂತೆ ಭಾರವಾಗುತ್ತವೆ. ಇನ್ನು ಇದು ತಮ್ಮಿಂದಾಗದೆಂದು ಅವರು ಮನೆಗೆ ಹಿಂದಿರುಗುತ್ತಾರೆ. ಕಳೆದುಹೋದ ಶಕ್ತಿ ನಿಜವಾಗಿಯೂ ಮರಳಿ ಬಾರದೆ?

ಈ ಪ್ರಶ್ನೆಗೆ ಉತ್ತರವನ್ನು ನೀಡಿದ ಪ್ರಯೋಗವೊಂದು 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆಯಿತು. ಸುಮಾರು 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ಯುವಕರು 3 ವಾರಗಳ ಕಾಲ ಹಾಸಿಗೆಯಲ್ಲಿ ಮಲಗಿಯೇ ಇದ್ದರು. ಅಷ್ಟರಲ್ಲೇ, ಶ್ರಮದ ವೇಳೆ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯವು ಕಾಲು ಭಾಗಕ್ಕಿಂತಲೂ ಹೆಚ್ಚು ಕುಗ್ಗಿತ್ತು. 1996ರಲ್ಲಿ, ಐವತ್ತು ವರ್ಷದವರಾಗಿದ್ದ ಆ ಐವರನ್ನೇ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದರು. 30 ವರ್ಷಗಳ ವಯೋಮಾನ ಮಾಡಿದ ಹಾನಿಗಿಂತ ಅಂದಿನ 3 ವಾರಗಳ ನಿಶ್ಚಲತೆ ಮಾಡಿದ ಹಾನಿಯೇ ದೊಡ್ಡದೆಂದು ತಿಳಿದುಬಂದಿತು. ಬಳಿಕ ಅವರು 6 ತಿಂಗಳ ಕಾಲ ನಡಿಗೆ, ನಿಧಾನವಾದ ಓಟ ಮತ್ತು ಸೈಕಲ್ ತುಳಿತವನ್ನು ಕ್ರಮಕ್ರಮವಾಗಿ ಅಭ್ಯಾಸ ಮಾಡಿದರು. ಅದರ ಫಲವಾಗಿ, ಮಲಗುವ ಮುನ್ನ ಯೌವನದಲ್ಲಿದ್ದ ಸಾಮರ್ಥ್ಯವು ಅವರಿಗೆ ಮರಳಿ ಬಂದಿತು. ಶಕ್ತಿ ಮರಳುತ್ತದೆ, ಆದರೆ ತಿಂಗಳುಗಳ ತಾಳ್ಮೆಯನ್ನು ಬೇಡುತ್ತದೆ.

ಓಟವನ್ನು ನಿಲ್ಲಿಸಿದಾಗ ದೇಹದೊಳಗೆ ಆಗುವುದೇನು? ಕೆಲವೇ ವಾರಗಳಲ್ಲಿ ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಹೃದಯವು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತವೂ ಅದರಿಂದಾಗಿ ಇಳಿಯುತ್ತದೆ. ಸ್ನಾಯುಗಳ ಜೀವಕೋಶಗಳಲ್ಲಿದ್ದು ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳು ಕ್ಷೀಣಿಸುತ್ತವೆ. ಅಭ್ಯಾಸವು ಪುನಃ ಆರಂಭವಾದೊಡನೆ ರಕ್ತವೂ ಹೃದಯವೂ ಬೇಗ ಸ್ಪಂದಿಸುತ್ತವೆ. ಕೆಲವು ವಾರಗಳಲ್ಲಿ ಉಸಿರಾಟ ಹಗುರವಾಗಿ ಓಟಗಾರನಿಗೆ ಹುರುಪು ಮೂಡುತ್ತದೆ.

ಅಪಾಯವಿರುವುದು ಇಲ್ಲಿಯೇ. ಮೂಳೆಗಳೂ, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳೂ ಹೃದಯದಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವು ಕಾಲಿನ ಮೇಲೆ ಬೀಳುತ್ತದೆ. ಈ ಆಘಾತಕ್ಕೆ ತಕ್ಕಂತೆ ಮೂಳೆಯು ತನ್ನ ಹಳೆಯ ಅಂಶವನ್ನು ಮೊದಲು ಕರಗಿಸಿ, ಆಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತದೆ. ಇದಕ್ಕೆ ಕೆಲವು ತಿಂಗಳುಗಳೇ ಬೇಕು. ಈ ನಡುವೆ ಹುರುಪನ್ನು ನಂಬಿ ಓಟವನ್ನು ಒಮ್ಮೆಲೇ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ನೋವು ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಕೂದಲೆಳೆಯಷ್ಟು ಸಣ್ಣ ಬಿರುಕೂ ಉಂಟಾಗಬಹುದು. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಉಸಿರು ಸಿದ್ಧವಾಗುವುದಕ್ಕೂ ಕಾಲು ಸಿದ್ಧವಾಗುವುದಕ್ಕೂ ನಡುವೆ ಇರುವ ಈ ಅಂತರವನ್ನು ಅರಿತವನೇ ಜಾಣನಾದ ಓಟಗಾರ.

ಆದ್ದರಿಂದ ಮರಳಿ ಓಡಬಯಸುವವನು ನಡಿಗೆಯಿಂದಲೇ ಆರಂಭಿಸುವುದು ಲೇಸು. ಚುರುಕಾದ ನಡಿಗೆಯು ಸಲೀಸಾದ ಬಳಿಕ, ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮವನ್ನು ಅನುಸರಿಸಬಹುದು. ವಾರಗಳು ಕಳೆದಂತೆ ಓಟದ ಪಾಲು ಹೆಚ್ಚಿ ನಡಿಗೆಯ ಪಾಲು ಇಳಿಯಬೇಕು. ಜೊತೆಯವರೊಡನೆ ಮಾತನಾಡುತ್ತ ಓಡಲು ಸಾಧ್ಯವಾದರೆ ವೇಗವು ಹಿತಮಿತವಾಗಿದೆಯೆಂದು ತಿಳಿಯಬಹುದು. ಮಾತು ತುಂಡರಿಸಿದರೆ ವೇಗವನ್ನು ತಗ್ಗಿಸಬೇಕು. ಮೊದಲು ಓಡುವ ಕಾಲಾವಧಿ ಬೆಳೆಯಲಿ, ವೇಗವು ಆಮೇಲೆ ಬರಲಿ. ಓಡಿದ ಮರುದಿನದ ವಿಶ್ರಾಂತಿಯೂ ಅಭ್ಯಾಸದ ಭಾಗವೇ. ದೇಹವು ತನ್ನನ್ನು ದುರಸ್ತಿ ಮಾಡಿಕೊಳ್ಳುವುದು ಆಗಲೇ. ಬಯಲಿನ ಬಿಸಿಲಿಗೆ ಮೈ ಒಗ್ಗಲು ಸುಮಾರು ಎರಡು ವಾರ ಹಿಡಿಯುವುದರಿಂದ, ಬೇಸಗೆಯಲ್ಲಿ ಮುಂಜಾನೆಯ ತಂಪು ಹೊತ್ತೇ ಓಟಕ್ಕೆ ಯೋಗ್ಯ. ಕಾಯಿಲೆಯಿಂದ ಎದ್ದವರು ವೈದ್ಯರ ಸಲಹೆಯನ್ನು ಪಡೆದೇ ಓಟಕ್ಕೆ ತೊಡಗಬೇಕು.

ಮರಳಿ ಬರಲು ತಡವಾಯಿತೆಂದು ಕೊರಗುವವರಿಗೆ ಫೌಜಾ ಸಿಂಗರ ಜೀವನವು ದಾರಿದೀಪವಾಗಿದೆ. ಪಂಜಾಬಿನ ರೈತರಾಗಿದ್ದ ಅವರು ಯೌವನದಲ್ಲಿ ಓಡುತ್ತಿದ್ದರು. ದೇಶ ವಿಭಜನೆಯ ಕಾಲದಲ್ಲಿ ಓಟವನ್ನು ಬಿಟ್ಟರು. ಸುಮಾರು ಐದು ದಶಕಗಳು ಉರುಳಿದವು. ಮಗನ ಅಕಾಲ ಮರಣದ ದುಃಖವನ್ನು ಮರೆಯಲು ಆ ವೃದ್ಧರು ಮತ್ತೆ ಓಟದ ಮೊರೆಹೊಕ್ಕರು. 2000ದಲ್ಲಿ ಲಂಡನ್ನಿನಲ್ಲಿ ತಮ್ಮ ಮೊದಲ ಮ್ಯಾರಥಾನ್ ಓಟವನ್ನು ಪೂರೈಸಿದಾಗ ಅವರ ವಯಸ್ಸು 89. ಆ ಓಟದ ದೂರ 42 ಕಿಲೋಮೀಟರುಗಳಿಗೂ ಹೆಚ್ಚು. 2011ರಲ್ಲಿ, ತಮ್ಮ ನೂರನೆಯ ವಯಸ್ಸಿನಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ ಅದೇ ದೂರವನ್ನು ಎಂಟು ಗಂಟೆಗಳಿಗಿಂತ ತುಸು ಹೆಚ್ಚು ಸಮಯದಲ್ಲಿ ಕ್ರಮಿಸಿದರು. ಅವರ ಜನನಕ್ಕೆ ಸರ್ಕಾರಿ ದಾಖಲೆಯಿಲ್ಲವೆಂದು ಗಿನ್ನೆಸ್ ಸಂಸ್ಥೆಯು ಅದನ್ನು ದಾಖಲೆಯಾಗಿ ಸ್ವೀಕರಿಸಲಿಲ್ಲ. ಆದರೂ ಅವರು ಓಡುವುದನ್ನು ಬಿಡಲಿಲ್ಲ. 2013ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದ ಮೇಲೂ ನಡಿಗೆಯನ್ನು ರೂಢಿಯಲ್ಲಿಟ್ಟುಕೊಂಡಿದ್ದರು. 2025ರ ಜುಲೈ ತಿಂಗಳಲ್ಲಿ ಹುಟ್ಟೂರಿನ ಬಳಿ ವಾಹನದ ಅಪಘಾತಕ್ಕೆ ಸಿಲುಕಿ ಅವರು ನಿಧನರಾದರು.

ಓಟವನ್ನು ಒಮ್ಮೆ ಬಿಟ್ಟದ್ದು ಸೋಲಲ್ಲ. ದೇಹವು ತನ್ನ ಶಕ್ತಿಯನ್ನು ಮರಳಿ ಕೊಡಲು ಸಿದ್ಧವಾಗಿದೆ. ಅದು ಕೇಳುವ ಕಾಲಾವಕಾಶವನ್ನು ಕೊಡುವುದಷ್ಟೇ ಓಡುವವನ ಕರ್ತವ್ಯ.