ಅಡಿಕೆ ಅಂಗಳದ ಅರ್ಥಶಾಸ್ತ್ರ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಪೇಟೆಗಳಲ್ಲಿ ವ್ಯಾಪಾರ ಚುರುಕಾಗುವುದೂ ಮಂಕಾಗುವುದೂ ಇಂದಿಗೂ ಬಹುಮಟ್ಟಿಗೆ ಅಡಿಕೆ ಧಾರಣೆಯನ್ನು ಅವಲಂಬಿಸಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದ ಮೇಲೆ ಗದ್ದೆಗಳು ಒಂದೊಂದಾಗಿ ತೋಟಗಳಾದವು. ಅದಕ್ಕೆ ತುಸು ಮೊದಲು, 1973ರಲ್ಲಿ, ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರ ನೆರವಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತ್ತು.

ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸಿಪ್ಪೆ ಸುಲಿದರೆ ದೊರೆಯುವುದೇ ಚಾಲಿ. ಒಂದು ವರ್ಷ ದಾಸ್ತಾನಿಟ್ಟದ್ದು ಸಿಂಗಲ್ ಚೋಲ್, ಎರಡು ವರ್ಷದ್ದು ಡಬಲ್ ಚೋಲ್. ಹಳತಾದಂತೆ ಸಾಮಾನ್ಯವಾಗಿ ಬೆಲೆಯೂ ಏರುವುದರಿಂದ, ಮದುವೆಗೋ ಕಾಲೇಜು ಶುಲ್ಕಕ್ಕೋ ಬೇಕಾದಾಗ ಮಾತ್ರ ಮೂಟೆ ಬಿಚ್ಚುವ ಕೃಷಿಕನಿಗೆ ಗೋಣಿಚೀಲವೇ ಉಳಿತಾಯ ಖಾತೆ. ಬ್ಯಾಂಕುಗಳ ತವರೆನಿಸಿದ ಈ ಜಿಲ್ಲೆಯಲ್ಲಿ ಇದು ಸ್ವಲ್ಪ ತಮಾಷೆಯ ಸಂಗತಿಯೇ.

ಆದರೆ ಈ ಖಾತೆ ಅಷ್ಟೇನೂ ಭದ್ರವಲ್ಲ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಬಹುದಾದರೂ, ಹಳದಿ ಎಲೆ ರೋಗಕ್ಕೆ ಖಚಿತ ಮದ್ದಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ್ದರಿಂದ ಮಾರುಕಟ್ಟೆಯ ಮೇಲೂ ತೂಗುಗತ್ತಿಯಿದೆ. ಅಡಿಕೆಯ ಜೊತೆಗೆ, ಮನೆಯೊಳಗೆ ಮಹಿಳೆಯರಿಗೆ ದುಡಿಮೆ ಕೊಟ್ಟ ಬೀಡಿ ಕಟ್ಟುವ ಕೆಲಸವೂ ಇಳಿಮುಖದಲ್ಲಿದೆ.

ಬೆಳವಣಿಗೆಯ ಸಾಧ್ಯತೆ ಬೇರೆಡೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ: 1982ರಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಸಣ್ಣ ಸಾಲವನ್ನು ಮನೆಬಾಗಿಲಿಗೆ ತಂದವು, ಮೂಡುಬಿದಿರೆಯಲ್ಲಿ ಹೊರಜಿಲ್ಲೆಗಳ ವಿದ್ಯಾರ್ಥಿಗಳ ಬಾಡಿಗೆ, ಊಟ, ಬಸ್ ಖರ್ಚುಗಳೇ ಒಂದು ಉದ್ಯಮವಾಗಿವೆ. ಅಲ್ಲಿನ ಸಾವಿರ ಕಂಬದ ಬಸದಿಯನ್ನು ನೋಡಿ ಅದೇ ದಿನ ಮರಳುವ ಪ್ರವಾಸಿಯನ್ನು ಒಂದು ರಾತ್ರಿ ಉಳಿಸಿಕೊಳ್ಳುವ ವ್ಯವಸ್ಥೆ ಮಾತ್ರ ಇನ್ನೂ ಸಾಲದು.