ನಿಮಗಿದು ಗೊತ್ತೇ? ಕೊಡಗಿನ ಮನೆಗಳ ಸಂಗತಿ

ಕೊಡವರ ಹೆಸರಿನ ಮೊದಲಲ್ಲೇ ಮನೆತನ, ಅಂದರೆ ಒಕ್ಕ, ಕೂತಿರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಒಕ್ಕದವರು. ಕೊಡಗಿಗೆ ಹೊಸದಾಗಿ ಬಂದವರು ಅಕ್ಕಪಕ್ಕದವರ ಒಕ್ಕದ ಹೆಸರು ತಿಳಿದುಕೊಂಡರೆ ಅರ್ಧ ಊರು ಪರಿಚಯವಾದಂತೆ.

ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಒಕ್ಕದ್ದು. ಗದ್ದೆಬಯಲು ಕಾಣುವ ಎತ್ತರದಲ್ಲಿ, ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿ ಕಟ್ಟುತ್ತಿದ್ದರು. ಮನೆಗೆ ಹೋಗುವ ದಾರಿ ಅಂಕುಡೊಂಕು ಓಣಿ, ಎರಡೂ ಕಡೆ ಮಣ್ಣಿನ ದಿಣ್ಣೆ. ಹಗೆಗಳು ನೇರ ನುಗ್ಗಬಾರದಲ್ಲ! ಜಗಲಿಯ ಕಂಬಗಳ ನಡುವಿನ ಅಗಲವಾದ ದಪ್ಪ ಹಲಗೆಯೇ ಐಮರ, ಕೂತು ಮಾತಾಡುವ ಜಾಗ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲಿ ತೂಗುದೀಪ. ಮದುವೆಯಂಥ ಶುಭಕಾರ್ಯಕ್ಕೂ ಆ ದೀಪವೇ ಸಾಕ್ಷಿ.

ಇಂದು ಎಷ್ಟೋ ಐನ್‌ಮನೆಗಳ ಬಾಗಿಲು ತೆರೆಯುವುದು ಸುಗ್ಗಿಹಬ್ಬವಾದ ಪುತ್ತರಿಗೆ, ಗತಿಸಿದ ಹಿರಿಯರಾದ ಕಾರಣರಿಗೆ ಎಡೆಯಿಡುವ ದಿನಕ್ಕೆ ಮಾತ್ರ. ಬೋವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ ಇವನ್ನು ಹುಡುಕಿಕೊಂಡು ಹೋಗಿ ದಾಖಲಿಸಿದ್ದಾರೆ. ಕೊಡಗು ಅವರಿಗೆ ಋಣಿಯಾಗಿರಬೇಕು.

ಪಕ್ಕದ ಮನೆಯಲ್ಲಿ ಗುಂಡಿನ ಸದ್ದು ಕೇಳಿತೇ? ಎಣಿಸಿ. ಒಂದಾದರೆ ಗಂಡುಮಗು ಹುಟ್ಟಿದೆ, ಎರಡಾದರೆ ಸಾವು. ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ಹೋಮ್‌ಸ್ಟೇಗೆ ವಿದೇಶಿ ಅತಿಥಿ ಬಂದರೆ, 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸುವುದು ಮನೆಯವರ ಹೊಣೆ.

ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಅಲ್ಲೇ ಬೈಲಕುಪ್ಪೆ. ಚೀನಾದ ವಶವಾದ ಟಿಬೆಟ್ ತೊರೆದು ಬಂದವರು 1960ರ ದಶಕದ ಆರಂಭದಿಂದ ಅಲ್ಲಿ ಮನೆಮಾಡಿದ್ದಾರೆ. ವಿದೇಶೀಯರು ಅಲ್ಲಿ ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಭಾರತೀಯರಿಗೆ ಬೇಡ.

ಕಾಫಿತೋಟದ ಅಂಚಿನಲ್ಲಿ ಸಾಲಾಗಿ, ಒಂದೇ ಗೋಡೆ ಹಂಚಿಕೊಂಡು ನಿಂತವು ಲೈನ್‌ಮನೆಗಳು. ದೊಡ್ಡ ತೋಟಗಳ ಕಾರ್ಮಿಕರಿಗೆ ವಸತಿ ಕೊಡಬೇಕೆಂದು 1951ರ ಕಾಯ್ದೆಯೇ ಹೇಳಿತ್ತು. ಈಗ ಅಸ್ಸಾಮಿನಿಂದ ಬಂದವರೂ ಅಲ್ಲಿದ್ದಾರೆ. ಆದರೆ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಈ ನೆಲದ ಮೂಲನಿವಾಸಿಗಳಾದ ಯರವರು, ಜೇನುಕುರುಬರು ಅಲ್ಲಿಂದ ಹೊರಬಂದು ಕೊಡಗಿನದೇ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದರು. 2016ರ ಡಿಸೆಂಬರಿನಲ್ಲಿ ಅವನ್ನು ಕೆಡವಲಾಯಿತು. ಹೋರಾಟ ನಿಲ್ಲಲಿಲ್ಲ, ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ನೆಲೆ ಸಿಕ್ಕಿತು.